ದೊಡ್ಡ ಪರದೆಯ ಮೇಲೊಂದು ಸಣ್ಣ ಚುಕ್ಕಿ

ಸೀರೆ ಅಂಗಡಿಯಲ್ಲಿ ನಮ್ಮನ್ನು ಏಮಾರಿಸುವುದು ಅಷ್ಟು ಸುಲಭವಲ್ಲ, ಅಲ್ಲವೇ? ಸೆರಗು ಬಿಚ್ಚಿಸುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ, ಅಂಚಿನುದ್ದಕ್ಕೂ ಕೈಯಾಡಿಸುತ್ತೇವೆ. ಒಂದೇ ಒಂದು ಎಳೆ ಎದ್ದಿದ್ದರೂ 'ಇದು ಬೇಡ, ಬೇರೆ ತೋರಿಸಿ' ಅಂತೀವಿ. ಅಶೋಕಪುರಂನ ನಮಗಂತೂ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ ದೂರವೇನಲ್ಲ. 1912ರಿಂದ ನೇಯುತ್ತಿರುವ ಆ ಮೈಸೂರು ಸಿಲ್ಕ್ ಸೀರೆಯನ್ನೇ ನಾವು ಎರಡೆರಡು ಸಲ ತಿರುಗಿಸಿ ನೋಡಿ ಕೊಳ್ಳುವವರು!

ಆದರೆ ಮೂವತ್ತು-ನಲವತ್ತು ಸಾವಿರದ ಕಂಪ್ಯೂಟರ್ ಮಾನಿಟರ್ ಮನೆ ಬಾಗಿಲಿಗೆ ಬಂದಾಗ ಏನು ಮಾಡುತ್ತೇವೆ? ಸಹಿ ಹಾಕಿ, ಬಾಕ್ಸನ್ನು ಗೋಡೆಗೆ ಒರಗಿಸಿ, 'ಸಂಜೆ ಮಕ್ಕಳು ಬಂದು ನೋಡ್ಕೋತಾರೆ' ಎಂದು ಕುಕ್ಕರ್ ಕೂಗುವ ಕಡೆ ಹೋಗಿಬಿಡುತ್ತೇವೆ. ಆ ಸಂಜೆ ನಾಳೆಯಾಗುತ್ತದೆ, ನಾಳೆ ಭಾನುವಾರವಾಗುತ್ತದೆ. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ಮನೆಯಿಂದಲೇ ಕೆಲಸ ಮಾಡುವ ಮಗಳು, ವಿಡಿಯೊ ಎಡಿಟಿಂಗ್ ಕಲಿಯುವ ಮಗ, ಮನೆಯಲ್ಲೇ ಲೆಕ್ಕಪತ್ರ ಬರೆದುಕೊಡುವ ನೀವು... ಹೀಗೆ ಒಂದಲ್ಲ ಒಂದು ಕಾರಣಕ್ಕೆ ದೊಡ್ಡ ಮಾನಿಟರ್ ಈಗ ಮಧ್ಯಮ ವರ್ಗದ ಮನೆಗಳಿಗೂ ಬರುತ್ತಿದೆ. ಡೆಲಿವರಿ ಹುಡುಗ ಬೆಲ್ ಮಾಡಿದಾಗ ಮನೆಯಲ್ಲಿ ಇರುವವರು ಹೆಚ್ಚಾಗಿ ನಾವೇ. ಹಾಗಾಗಿ ಈ ವಿಷಯ ನಮಗೆ ಗೊತ್ತಿರಲೇಬೇಕು.

ಏನಿದು ಅಲ್ಟ್ರಾವೈಡ್?

ಸಾಮಾನ್ಯ ಮಾನಿಟರ್‌ನ ಅಗಲ-ಎತ್ತರದ ಅನುಪಾತ 16:9. ಅಲ್ಟ್ರಾವೈಡ್ ಅಂದರೆ ಇನ್ನೂ ಅಗಲ, ಸುಮಾರು 21:9. ಎಲ್‌ಜಿ, ಡೆಲ್ ಮುಂತಾದ ಕಂಪನಿಗಳು 2012ರ ಹೊತ್ತಿಗೆ 29 ಇಂಚಿನ ಇಂಥ ಮಾನಿಟರ್‌ಗಳನ್ನು ತಂದವು. ಈಗ 34 ಇಂಚಿನದು ಹೆಚ್ಚು ಜನಪ್ರಿಯ. ಅದರ ಪರದೆಯೇ ಸುಮಾರು 80 ಸೆಂ.ಮೀ. ಅಗಲ, 33 ಸೆಂ.ಮೀ. ಎತ್ತರ ಇರುತ್ತದೆ. ಎರಡು ಕಿಟಕಿಯನ್ನು ಪಕ್ಕಪಕ್ಕ ತೆರೆದಿಟ್ಟ ಹಾಗೆ, ಒಂದು ಕಡೆ ಲೆಕ್ಕದ ಹಾಳೆ, ಇನ್ನೊಂದು ಕಡೆ ಮೇಲ್ ಇಟ್ಟುಕೊಂಡು ಕೆಲಸ ಮಾಡಬಹುದು. ಕೊಳ್ಳುವ ಮುಂಚೆ ಟೇಪು ಹಿಡಿದು ಮೇಜನ್ನೊಮ್ಮೆ ಅಳೆದುಕೊಳ್ಳಿ. ಸ್ಟ್ಯಾಂಡ್‌ಗೂ ಹಿಂದೆ ಜಾಗ ಬೇಕು.

ಬೆಲೆಯ ವಿಚಾರದಲ್ಲಿ ಒಂದು ಸಮಾಧಾನದ ಸುದ್ದಿ ಇದೆ. 32 ಇಂಚಿಗಿಂತ ದೊಡ್ಡ ಮಾನಿಟರ್‌ಗೆ ಮುಂಚೆ ಶೇ 28ರಷ್ಟು ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ಎಂದು ಕಣ್ಣಾಡಿಸಿ.

ಚುಕ್ಕಿ ಎಲ್ಲಿಂದ ಬಂತು?

ರಂಗೋಲಿಯಲ್ಲಿ ಚುಕ್ಕಿ ಇಟ್ಟು ಚಿತ್ರ ಬರೆಯುತ್ತೇವಲ್ಲ, ಮಾನಿಟರ್‌ನ ಚಿತ್ರವೂ ಹಾಗೇ. ಆ ಚುಕ್ಕಿಗೆ ಪಿಕ್ಸೆಲ್ ಅಂತ ಹೆಸರು. 3440 ಅಡ್ಡ, 1440 ಉದ್ದ ಇರುವ ಒಂದು 34 ಇಂಚಿನ ಪರದೆಯಲ್ಲಿ 49,53,600 ಪಿಕ್ಸೆಲ್‌ಗಳಿರುತ್ತವೆ. ಹತ್ತಿರ ಹತ್ತಿರ ಅರ್ಧ ಕೋಟಿ! ಒಂದೊಂದರ ಅಗಲ ಒಂದು ಮಿಲಿಮೀಟರಿನ ಕಾಲು ಭಾಗಕ್ಕಿಂತಲೂ ಕಡಿಮೆ. ಗಸಗಸೆ ಕಾಳು ಇದಕ್ಕಿಂತ ದಪ್ಪ.

ಒಂದೊಂದು ಪಿಕ್ಸೆಲ್‌ನ ಒಳಗೂ ಕೆಂಪು, ಹಸಿರು, ನೀಲಿ ಎಂದು ಮೂರು ಪುಟ್ಟ ಭಾಗಗಳಿರುತ್ತವೆ. ಎಲ್‌ಸಿಡಿ ಪರದೆಯಲ್ಲಿ ಹಿಂದಿನಿಂದ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಪ್ರತಿ ಭಾಗಕ್ಕೂ ಒಂದೊಂದು ಟ್ರಾನ್ಸಿಸ್ಟರ್ ಇದ್ದು, ಬಾಗಿಲು ತೆರೆದು ಮುಚ್ಚಿದಂತೆ ಆ ಬೆಳಕನ್ನು ಬಿಡುವ ಅಥವಾ ತಡೆಯುವ ಕೆಲಸ ಮಾಡಿಸುತ್ತದೆ. ಇಂಥ ಸುಮಾರು ಒಂದೂವರೆ ಕೋಟಿ ಬಾಗಿಲುಗಳಲ್ಲಿ ಒಂದು ಕೆಟ್ಟರೂ ಅಲ್ಲೊಂದು ಚುಕ್ಕಿ ನಿಂತುಬಿಡುತ್ತದೆ. ಅದು ಮೂರು ತರಹ ಕಾಣಬಹುದು.

ಕಪ್ಪು ಚುಕ್ಕಿ: ಬಿಳಿ ಪರದೆಯ ಮೇಲೆ ಮೆಣಸಿನ ಪುಡಿ ಬಿದ್ದ ಹಾಗೆ. ಇದು ಸತ್ತ ಪಿಕ್ಸೆಲ್. ಸಾಮಾನ್ಯವಾಗಿ ಸರಿಹೋಗುವುದಿಲ್ಲ.

ಬಣ್ಣದ ಚುಕ್ಕಿ: ಕೆಂಪು, ಹಸಿರು ಅಥವಾ ನೀಲಿ ಬಣ್ಣದಲ್ಲೇ ನಿಂತುಹೋದದ್ದು. ಇದು ಸಿಕ್ಕಿಕೊಂಡ ಪಿಕ್ಸೆಲ್. ಒಮ್ಮೊಮ್ಮೆ ತಾನೇ ಸರಿಹೋಗುವುದೂ ಉಂಟು.

ಬಿಳಿ ಚುಕ್ಕಿ: ಮೂರು ಭಾಗವೂ ಸದಾ ಬೆಳಗುತ್ತಿರುವುದು. ಕಪ್ಪು ಪರದೆಯ ಮೇಲೆ ನಕ್ಷತ್ರದ ಹಾಗೆ ಕಣ್ಣಿಗೆ ಚುಚ್ಚುತ್ತದೆ.

'ಒಂದಿದ್ದರೆ ನಡೆಯುತ್ತದೆ' ಅನ್ನುವ ನಿಯಮ

ಹೊಸ ಸಾಮಾನಿನಲ್ಲಿ ಚುಕ್ಕಿ ಇದ್ದರೆ ಬದಲಾಯಿಸಿ ಕೊಡಲೇಬೇಕಲ್ಲ ಅಂತ ನೀವು ಕೇಳಬಹುದು. ಇಲ್ಲೇ ಇರುವುದು ತೊಡಕು.

ಪಿಕ್ಸೆಲ್ ದೋಷವನ್ನು ಎಣಿಸಲು ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಇದು 2008ರಲ್ಲಿ ಬಂತು. ಇದರಲ್ಲಿ ಪರದೆಗಳನ್ನು ದರ್ಜೆಗಳಾಗಿ ಹಂಚಿದ್ದಾರೆ. ಒಂದೂ ಚುಕ್ಕಿ ಇರಕೂಡದ ದರ್ಜೆಯೂ ಇದೆ. ಆದರೆ ಹಲವು ಕಂಪನಿಗಳು ನೆಚ್ಚಿಕೊಂಡಿರುವುದು ಎರಡನೇ ದರ್ಜೆಯನ್ನು. ಅದರ ಪ್ರಕಾರ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ 2 ಮತ್ತು ಸದಾ ಕಪ್ಪಾಗಿರುವ 2 ಚುಕ್ಕಿಗಳಿದ್ದರೂ ಪರದೆ ಪಾಸು! ಅರ್ಧ ಕೋಟಿ ಪಿಕ್ಸೆಲ್ ಇರುವ ನಮ್ಮ ಅಲ್ಟ್ರಾವೈಡ್‌ಗೆ ಈ ಲೆಕ್ಕ ಹಾಕಿ ನೋಡಿ. ಹತ್ತಿರ ಹತ್ತಿರ ಹತ್ತು ಬೆಳಗುವ, ಹತ್ತು ಕಪ್ಪು ಚುಕ್ಕಿಗಳಿದ್ದರೂ ಕಾಗದದ ಮೇಲೆ ಅದು 'ಸರಿಯಾದ' ಮಾನಿಟರ್ರೇ. ಪರದೆ ದೊಡ್ಡದಾದಷ್ಟೂ ವಿನಾಯಿತಿಯೂ ದೊಡ್ಡದು.

ಎಲ್ಲ ಕಂಪನಿಗಳೂ ಇಷ್ಟು ಸಡಿಲ ಅಂತಲ್ಲ. ಹಲವರು ತಮ್ಮದೇ ಬಿಗಿಯಾದ ನಿಯಮ ಇಟ್ಟುಕೊಂಡಿದ್ದಾರೆ. ಉದಾಹರಣೆಗೆ ಡೆಲ್ ಕಂಪನಿ ಅಲ್ಟ್ರಾಶಾರ್ಪ್‌ನಂಥ ಕೆಲವು ಮಾಡೆಲ್‌ಗಳಿಗೆ 'ಪ್ರೀಮಿಯಂ ಪ್ಯಾನೆಲ್ ಎಕ್ಸ್‌ಚೇಂಜ್' ಎಂಬ ಸೌಲಭ್ಯ ಕೊಡುತ್ತದೆ. ವಾರಂಟಿ ಅವಧಿಯಲ್ಲಿ ಒಂದೇ ಒಂದು ಬೆಳಗುವ ಪಿಕ್ಸೆಲ್ ಕಂಡರೂ ಬದಲಿಸಿಕೊಡುವುದಾಗಿ ಅದರ ಭರವಸೆ. ಕಪ್ಪು ಚುಕ್ಕಿಗೆ ಮಾತ್ರ ಬೇರೆ ಲೆಕ್ಕ. ಒಂದೇ ಕಂಪನಿಯಲ್ಲೂ ಒಂದು ಮಾಡೆಲ್‌ಗೆ ಇರುವ ನಿಯಮ ಇನ್ನೊಂದಕ್ಕೆ ಇಲ್ಲದಿರಬಹುದು. ಆದ್ದರಿಂದ ಬೆಲೆ, ಬಣ್ಣ, ಸೈಜು ಕೇಳುವಾಗಲೇ ಇದನ್ನೂ ಕೇಳಿಬಿಡಿ: 'ಎಷ್ಟು ಚುಕ್ಕಿ ಇದ್ದರೆ ಬದಲಿಸಿ ಕೊಡ್ತೀರಿ? ಎಷ್ಟು ದಿನದೊಳಗೆ?'

ಬಾಯಿಮಾತು ಬೇಡ, ಕಾಗದದಲ್ಲಿರಲಿ

ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಕೊಂಡರೂ ಅಷ್ಟೇ, ಆನ್‌ಲೈನ್‌ನಲ್ಲಿ ತರಿಸಿದರೂ ಅಷ್ಟೇ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಂಗಡಿಯವರು 'ಏನೂ ಯೋಚ್ನೆ ಮಾಡ್ಬೇಡಿ ಮೇಡಂ, ಒಂದು ಡಾಟ್ ಇದ್ರೂ ನಾವೇ ಚೇಂಜ್ ಮಾಡಿಕೊಡ್ತೀವಿ' ಅಂದರೆ, 'ಹಾಗಾದ್ರೆ ಅದನ್ನೇ ಬಿಲ್ ಮೇಲೆ ಬರೆದು ಸೀಲ್ ಹಾಕಿಕೊಡಿ' ಅನ್ನಿ. ಸಂಕೋಚ ಬೇಡ. ಬಿಲ್ ಮೇಲೆ ಆಗದಿದ್ದರೆ ವಾಟ್ಸಾಪ್ ಸಂದೇಶವಾದರೂ ಇರಲಿ. ಸಾಧ್ಯವಾದರೆ ಅಂಗಡಿಯಲ್ಲೇ ಬಾಕ್ಸ್ ತೆರೆಸಿ, ನಿಮಗೆ ಕೊಡುವ ಪೀಸನ್ನೇ ಹಾಕಿ ತೋರಿಸಲು ಕೇಳಿ. ಶೋಕೇಸಿನಲ್ಲಿ ಹೊಳೆಯುತ್ತಿರುವುದು ನಿಮ್ಮ ಮನೆಗೆ ಬರುವುದಿಲ್ಲ.

ಬರಹಕ್ಕೆ ಇಷ್ಟು ಬೆಲೆ ಯಾಕೆ ಗೊತ್ತೆ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ 'ದೋಷ' ಅಂದರೆ ಕಾನೂನು ಹೇಳಿದ ಗುಣಮಟ್ಟಕ್ಕೆ ಕೊರತೆಯಾಗುವುದು ಮಾತ್ರವಲ್ಲ. ಒಪ್ಪಂದದಲ್ಲಿ ಇದ್ದದ್ದಕ್ಕೆ ಅಥವಾ ಮಾರುವವರು ತಾವೇ ಹೇಳಿಕೊಂಡದ್ದಕ್ಕೆ ಕೊರತೆಯಾದರೂ ಅದು ದೋಷವೇ. ಕಂಪನಿಯ ನಿಯಮ ಮೂರು ಚುಕ್ಕಿ ಅಂದರೂ, ಅಂಗಡಿಯವರು 'ಒಂದೂ ಇರಲ್ಲ' ಎಂದು ಬರೆದುಕೊಟ್ಟಿದ್ದರೆ ನಿಮ್ಮ ಕೈ ಗಟ್ಟಿ.

ಎಂಟು ದಿನ ತಡವಾದದ್ದಕ್ಕೆ

ನಮ್ಮ ಬಡಾವಣೆಯಲ್ಲೇ ನಡೆದದ್ದು ಹೇಳುತ್ತೇನೆ ಕೇಳಿ. ಪರಿಚಯದ ಅಕ್ಕ ಒಬ್ಬರು ಚೀಟಿ ಹಣ ಎತ್ತಿ ಮಗಳಿಗೆ 34 ಇಂಚಿನ ಮಾನಿಟರ್ ತರಿಸಿದರು. ಮಗಳು ಮನೆಯಲ್ಲೇ ಮದುವೆ ಆಲ್ಬಂ ಡಿಸೈನ್ ಮಾಡಿಕೊಡುವವಳು. ದಸರಾ ಆಫರ್‌ನಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದು. ಆಯುಧಪೂಜೆಗೆ ಎರಡು ದಿನ ಮುಂಚೆ ಬಾಕ್ಸ್ ಬಂತು. 'ಪೂಜೆ ದಿನ ಕುಂಕುಮ ಇಟ್ಟೇ ತೆಗೆಯೋಣ' ಎಂದು ಹಾಗೇ ಇಟ್ಟರು. ಪೂಜೆ ದಿನ ಮನೆ ತುಂಬ ನೆಂಟರು, ಬಾಕ್ಸಿಗೇ ಕುಂಕುಮ ಬಿತ್ತು. ಮಾರನೇ ದಿನ ಜಂಬೂ ಸವಾರಿ, ಆಮೇಲೆ ಊರು. ಕೊನೆಗೆ ಬಾಕ್ಸ್ ಬಿಚ್ಚಿದ್ದು ಒಂಬತ್ತನೇ ದಿನ. ಪರದೆಯ ಎಡಭಾಗದಲ್ಲಿ, ಕಣ್ಣು ಮೊದಲು ಹೋಗುವ ಜಾಗದಲ್ಲೇ, ಒಂದು ಹಸಿರು ಚುಕ್ಕಿ.

ವಾಪಸ್ ಕೊಡುವ ಗಡುವು ಏಳು ದಿನ. ಮಾರಿದವರು 'ಟೈಮ್ ಮುಗಿದಿದೆ, ಕಂಪನಿಯನ್ನು ಕೇಳಿ' ಅಂದರು. ಕಂಪನಿಯಿಂದ ಬಂದ ಹುಡುಗ ನೋಡಿ, 'ಒಂದೇ ಚುಕ್ಕಿ ಇದೆ ಅಮ್ಮಾ. ನಮ್ಮ ರೂಲ್ಸ್ ಪ್ರಕಾರ ಮೂರಿರಬೇಕು' ಅಂದ. 'ಹಾಗಾದ್ರೆ ಇನ್ನೆರಡು ಹುಟ್ಟೋವರೆಗೂ ಕಾಯ್ತಾ ಕೂರಬೇಕೇನಪ್ಪಾ?' ಅಂತ ಅಕ್ಕ ಕೇಳಿದ ಪ್ರಶ್ನೆಗೆ ಅವನ ಹತ್ತಿರ ಉತ್ತರವಿರಲಿಲ್ಲ. ಮಗಳು ಈಗ ಆ ಜಾಗದಲ್ಲಿ ಸಾಫ್ಟ್‌ವೇರ್‌ನ ಪಟ್ಟಿಯನ್ನು ಎಳೆದಿಟ್ಟುಕೊಂಡು ಕೆಲಸ ಮಾಡುತ್ತಾಳೆ. ಎರಡು ವರ್ಷ ಕಟ್ಟಿದ ಚೀಟಿ ಅದು. ಮೂರನೇ ದಿನವೇ ಬಾಕ್ಸ್ ಬಿಚ್ಚಿದ್ದರೆ ಒಂದು ಫೋನ್‌ನಲ್ಲಿ ಬದಲಾಗುತ್ತಿತ್ತು.

ಮನೆಗೆ ಬಂದ ದಿನವೇ ಹೀಗೆ ಮಾಡಿ

ಬಾಕ್ಸ್ ಬಿಚ್ಚುವಾಗ ವಿಡಿಯೊ: ಮೊಬೈಲ್‌ನಲ್ಲಿ ನಿಲ್ಲಿಸದೆ ಒಂದೇ ಸಮನೆ ವಿಡಿಯೊ ಮಾಡಿ. ವಿಳಾಸದ ಚೀಟಿ, ಸೀಲ್, ಬಾಕ್ಸ್‌ನ ನಾಲ್ಕೂ ಮೂಲೆ, ಮಾನಿಟರ್ ಹಿಂಭಾಗದ ಸೀರಿಯಲ್ ನಂಬರ್ ಎಲ್ಲವೂ ಕಾಣಲಿ. ರೇಷ್ಮೆ ಕಾರ್ಖಾನೆಯ ಸೀರೆಗೆ ಒಂದೊಂದು ನಂಬರ್ ಇರುತ್ತದಲ್ಲ, ಹಾಗೇ ಇದಕ್ಕೂ. ಬಿಲ್ಲಿನ ನಂಬರ್, ಬಾಕ್ಸಿನ ನಂಬರ್, ಮಾನಿಟರ್ ನಂಬರ್ ಒಂದೇ ಇದೆಯೇ ಹೋಲಿಸಿ. ಥರ್ಮಾಕೋಲ್, ಬಾಕ್ಸ್ ಯಾವುದನ್ನೂ ಎಸೆಯಬೇಡಿ. ವಾಪಸ್ ಕೊಡಬೇಕಾದರೆ ಅವು ಬೇಕೇ ಬೇಕು.

ಎತ್ತುವಾಗ ಎಚ್ಚರ: ಪರದೆಯ ಮೇಲೆ ಅಂಗೈ ಒತ್ತಿ ಎತ್ತಬೇಡಿ. ಚೌಕಟ್ಟು ಅಥವಾ ಸ್ಟ್ಯಾಂಡ್ ಹಿಡಿದು ಇಬ್ಬರು ಎತ್ತಿ. ಹೊಸ ಪರದೆ ಮನೆಯಲ್ಲೇ ಏಟು ತಿಂದರೆ ವಾರಂಟಿ ಬರುವುದಿಲ್ಲ.

ಮೊದಲು ಧೂಳು ಒರೆಸಿ: ಚುಕ್ಕಿ ಅಂದುಕೊಂಡದ್ದು ಎಷ್ಟೋ ಸಲ ಧೂಳಿನ ಕಣವಾಗಿರುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರೆಸಿ. ಕಿಟಕಿ ಗಾಜಿಗೆ ಬಳಸುವ ಸ್ಪ್ರೇ ಬೇಡ.

ಐದು ಬಣ್ಣದ ಪರೀಕ್ಷೆ: ಕಂಪ್ಯೂಟರ್‌ನ ಪೇಂಟ್‌ನಲ್ಲಿ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಹೀಗೆ ಐದು ಚಿತ್ರ ಮಾಡಿಸಿಟ್ಟುಕೊಳ್ಳಿ. ಒಂದೊಂದನ್ನೂ ಪರದೆ ತುಂಬ ತೆರೆದು, ಕೋಣೆಯ ಪರದೆ ಎಳೆದು, ಎಡದಿಂದ ಬಲಕ್ಕೆ ಸಾಲು ಸಾಲಾಗಿ ನೋಡಿ. ಕಪ್ಪು ಚಿತ್ರದಲ್ಲಿ ಬೆಳಗುವ ಚುಕ್ಕಿ, ಬಿಳಿಯಲ್ಲಿ ಕಪ್ಪು ಚುಕ್ಕಿ ಸಿಗುತ್ತವೆ. ಹತ್ತು ನಿಮಿಷದ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ನಮ್ಮದು, ಇದೇನು ಮಹಾ!

ಸೆಟ್ಟಿಂಗ್ ಸರಿ ಇದೆಯೇ: ಮಾನಿಟರ್‌ನ ಪೂರ್ತಿ ರೆಸಲ್ಯೂಷನ್, ಅಂದರೆ 3440×1440 ಇದ್ದರೆ ಅದನ್ನೇ ಕಂಪ್ಯೂಟರ್‌ನಲ್ಲಿ ಇಡಬೇಕು. ಹಳೆಯ ಲ್ಯಾಪ್‌ಟಾಪ್ ಅಷ್ಟನ್ನು ಕೊಡಲಾಗದೆ ಅಕ್ಷರ ಮಸುಕಾದರೆ ಅದು ಮಾನಿಟರ್‌ನ ತಪ್ಪಲ್ಲ.

ಸ್ಕ್ರೀನ್‌ಶಾಟ್ ಪರೀಕ್ಷೆ: ಚುಕ್ಕಿ ಕಂಡರೆ ಒಂದು ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಮೊಬೈಲ್‌ಗೆ ಕಳಿಸಿ ನೋಡಿ. ಅದರಲ್ಲೂ ಚುಕ್ಕಿ ಇದ್ದರೆ ದೋಷ ಕಂಪ್ಯೂಟರ್ ಕಡೆಯದು. ಸ್ಕ್ರೀನ್‌ಶಾಟ್ ಸ್ವಚ್ಛವಾಗಿದ್ದು ಪರದೆಯ ಮೇಲೆ ಮಾತ್ರ ಚುಕ್ಕಿ ಇದ್ದರೆ ಅದು ಪರದೆಯದೇ. 'ನಿಮ್ಮ ಸಾಫ್ಟ್‌ವೇರ್ ಪ್ರಾಬ್ಲಂ ಮೇಡಂ' ಅನ್ನುವವರಿಗೆ ಇದು ಒಳ್ಳೆಯ ಉತ್ತರ.

ಚುಕ್ಕಿ ಸಿಕ್ಕಿತು, ಮುಂದೇನು?

ಮೊದಲು ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದರೆ ಇನ್ನೂ ಒಳ್ಳೆಯದು. ಅದೇ ದಿನ ಮಾರಿದವರಿಗೆ ಬರಹದಲ್ಲಿ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಫೋನ್‌ನಲ್ಲಿ ಮಾತಾಡಿದರೂ, 'ಈಗ ತಾನೇ ಹೇಳಿದ ಹಾಗೆ' ಎಂದು ಒಂದು ಮೇಲ್ ಹಾಕಿ. ವಾಪಸ್ ಗಡುವು ಇರುವಾಗ ಮಾರಿದವರನ್ನೇ ಹಿಡಿಯಿರಿ, ಕಂಪನಿಯ ಸರ್ವೀಸ್ ಸೆಂಟರ್‌ಗೆ ಅಲೆಯುತ್ತಾ ದಿನ ಕಳೆಯಬೇಡಿ. ಚುಕ್ಕಿ ಎಣಿಸುವ ವಾರಂಟಿ ನಿಯಮ ಶುರುವಾಗುವುದು ಗಡುವು ಮುಗಿದ ಮೇಲೆ.

ಬಣ್ಣದ ಚುಕ್ಕಿಯ ಮೇಲೆ ಬಣ್ಣಗಳನ್ನು ಬೇಗ ಬೇಗ ಮಿನುಗಿಸುವ ಸಾಫ್ಟ್‌ವೇರ್‌ಗಳಿವೆ. ಕೆಲವೊಮ್ಮೆ ಫಲ ಸಿಗುತ್ತದೆ, ಖಾತ್ರಿ ಇಲ್ಲ. ಅದನ್ನು ನಂಬಿ ಗಡುವು ಮೀರಿಸಬೇಡಿ. ಬೆರಳಿನಿಂದ, ಪೆನ್ನಿನ ತುದಿಯಿಂದ ಚುಕ್ಕಿಯನ್ನು ಒತ್ತುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಒಂದು ಚುಕ್ಕಿ ಹೋಗಿ ಹತ್ತಾದೀತು, ವಾರಂಟಿಯೂ ಹೋದೀತು.

ಕಾನೂನು ನಮ್ಮ ಕಡೆ ಎಷ್ಟಿದೆ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸಾಮಾನು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ಆನ್‌ಲೈನ್ ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಆನ್‌ಲೈನ್ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಂಗಡಿಯ ಬಿಲ್ಲಿನಲ್ಲಿ ವಾಪಸ್ ಅವಧಿಯನ್ನೇ ಬರೆದಿಲ್ಲದಿದ್ದರೆ, ದೋಷವಿರುವ ಸಾಮಾನನ್ನು 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಬಿಲ್ ಕೊಡದಿರುವುದೂ ಅಷ್ಟೇ.

ಮಾರಿದವರು ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಮೈಸೂರಿನಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. 2025ರ ಜನವರಿ 1ರಿಂದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ಅನುಕೂಲವಿದೆ. ನಮ್ಮೂರಿನಲ್ಲಿ ಮೈಸೂರು ಗ್ರಾಹಕರ ಪರಿಷತ್ತಿನಂಥ ಸಂಸ್ಥೆಯೂ ಇದೆ.

ಆಯೋಗಕ್ಕೆ ಹೋಗುವ ಮುಂಚೆ ಮಾರಿದವರಿಗೆ ಒಂದು ಪತ್ರ ಬರೆದು, ಹದಿನೈದು ದಿನ ಸಮಯ ಕೊಟ್ಟು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಎಷ್ಟೋ ತಕರಾರು ಆ ಪತ್ರಕ್ಕೇ ಮುಗಿಯುತ್ತವೆ.

ಇನ್ನೊಂದು ಮಾತು. ಬಿಲ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕರು ಎಂದು ಪರಿಗಣಿಸುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲು ಕೊಂಡಿದ್ದರೆ ನೀವು ಗ್ರಾಹಕರೇ. ಮನೆಯಲ್ಲಿ ಕೂತು ಡಿಸೈನ್ ಮಾಡುವ, ಲೆಕ್ಕ ಬರೆಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಆಸರೆ. ನಿಮ್ಮ ಹಣದಲ್ಲಿ ಕೊಂಡದ್ದಾದರೆ ಬಿಲ್ಲೂ ನಿಮ್ಮ ಹೆಸರಿನಲ್ಲೇ ಇರಲಿ.

ಬಿಟ್ಟುಬಿಡುವುದು ಯಾವಾಗ?

ಚುಕ್ಕಿ ಮೂಲೆಯಲ್ಲಿದ್ದು, ಕೈಯಳತೆ ದೂರದಲ್ಲಿ ಕೂತಾಗ ಕಾಣದಿದ್ದರೆ, ಪರದೆಯ ಉಳಿದದ್ದೆಲ್ಲ ಚೆನ್ನಾಗಿದ್ದರೆ ಸುಮ್ಮನಿರುವುದೂ ಜಾಣತನವೇ. ಬದಲಿಗೆ ಬರುವ ಪೀಸಿನಲ್ಲಿ ಇನ್ನೇನೋ ಇರಬಹುದು. ಆದರೆ ಆ ತೀರ್ಮಾನ ಗಡುವಿನ ಒಳಗೆ, ನಿಮ್ಮ ಕಣ್ಣಾರೆ ನೋಡಿ, ನೀವೇ ಮಾಡಿದ್ದಾಗಿರಲಿ. ಗಡುವು ಮುಗಿಯಿತು ಅನ್ನುವ ಕಾರಣಕ್ಕೆ ಒಪ್ಪಿಕೊಂಡದ್ದಾಗಬಾರದು.

ನೆನಪಿನಲ್ಲಿರಲಿ

* ಕೊಳ್ಳುವ ಮುಂಚೆ: ಎಷ್ಟು ಚುಕ್ಕಿಗೆ ಬದಲಾವಣೆ, ಎಷ್ಟು ದಿನದೊಳಗೆ, ಹಣ ವಾಪಸ್ಸೋ ಬದಲಿ ಪೀಸೋ, ಮೂರನ್ನೂ ಬರಹದಲ್ಲಿ ಪಡೆಯಿರಿ.
* ಊರಿಗೆ ಹೋಗುವ ವಾರ, ಹಬ್ಬದ ಹಿಂದಿನ ದಿನ ಡೆಲಿವರಿ ಬರುವಂತೆ ಆರ್ಡರ್ ಮಾಡಬೇಡಿ.
* ಗಡುವಿನ ಕೊನೆಯ ದಿನವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.
* ಬಂದ ದಿನವೇ ವಿಡಿಯೊ, ಐದು ಬಣ್ಣದ ಪರೀಕ್ಷೆ, ಸ್ಕ್ರೀನ್‌ಶಾಟ್ ಪರೀಕ್ಷೆ ಮುಗಿಸಿ.
* ಬಿಲ್, ವಾರಂಟಿ ಕಾರ್ಡ್, ದೂರಿನ ನಂಬರ್ ಒಂದೇ ಕವರಿನಲ್ಲಿರಲಿ.
* ಸಹಾಯವಾಣಿ 1915 ಮೊಬೈಲ್‌ನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ.